ಒಂದು ಸಲ ಹೊಡೆದರೆ ನಿಲ್ಲಬೇಕು

ಅದಿತಿ, ರೋಹನ್,

ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಆದ್ದರಿಂದ ಇದನ್ನು ನಿಮ್ಮ ಅಮ್ಮನಿಂದ ಓದಿಸಿಕೊಳ್ಳಬೇಕು. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು. ಅಕ್ಷರ ದುಂಡಗಿದೆ ಎಂದು ಮಾಸ್ತರು ಹೊಗಳಿದ್ದು ಬಿಟ್ಟರೆ ಬರವಣಿಗೆಯಲ್ಲಿ ನನಗೆ ಬೇರೆ ಯೋಗ್ಯತೆ ಇಲ್ಲ. ಬಾಯಿಬಿಟ್ಟು ಹೇಳಲು ಸಂಕೋಚವಾಗುವ ಮಾತಾದ್ದರಿಂದ ಬರೆಯುತ್ತಿದ್ದೇನೆ. ಹದಿನೆಂಟು ವರ್ಷ ಇದನ್ನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಂಥವುಗಳಲ್ಲಿ ನಂಬಿಕೆ ಇರಲಿಲ್ಲ. ನಮ್ಮೂರ ಹೆಂಗಸರು ಬಾವಿಯ ಹತ್ತಿರ ಏನೋ ಕಂಡೆವೆಂದು ಹೇಳಿಕೊಳ್ಳುವಾಗ ನಾನು ಕೊಡ ತುಂಬಿಸಿಕೊಂಡು ಸುಮ್ಮನೆ ಮನೆಗೆ ಬರುತ್ತಿದ್ದೆ. ನಿಮ್ಮ ಅಜ್ಜನಂತೂ ನಕ್ಕುಬಿಡುತ್ತಿದ್ದರು. "ದೆವ್ವ ಬಸ್ ಹತ್ತಿದ್ರ ಅದಕ್ಕೂ ಟಿಕೆಟ್ ಹರೀತೀನಿ. ಕೂಸಿದ್ರ ಅರ್ಧಾ ಟಿಕೆಟ್" ಎನ್ನುತ್ತಿದ್ದರು.

ಅಜ್ಜ ಬಸ್ಸಿನ ಕಂಡಕ್ಟರ್ ಆಗಿದ್ದರು ಎಂದು ನಿಮಗೆ ಗೊತ್ತು. ಎಂಥ ಬಸ್ಸು ಎಂದು ಗೊತ್ತಿಲ್ಲ. ಅವರು ಕೆಲಸಕ್ಕೆ ಸೇರಿದಾಗ ಬಸ್ಸುಗಳಿಗೆ ಲಾರಿಯ ಹಾಗೆ ಮುಂದೆ ಮೂತಿ ಇತ್ತು. ಕೈಯಿಂದ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕು. ಬೆಳಿಗ್ಗೆ ಸುತ್ತಲಿನ ಹಳ್ಳಿಗಳಿಂದ ವಿಜಾಪುರಕ್ಕೆ ಕಚೇರಿಯ ಗುಮಾಸ್ತರನ್ನೂ ಕಾಲೇಜಿನ ಹುಡುಗರನ್ನೂ ಹಾಲಿನ ಕ್ಯಾನುಗಳನ್ನೂ ತಂದು ಇಳಿಸಿ, ಅದೇ ಬಸ್ಸು ಆಮೇಲೆ ಸೊಲ್ಲಾಪುರಕ್ಕೆ ಹೋಗುತ್ತಿತ್ತು. ಗಡಿ ದಾಟಿದ ಮೇಲೆ ಬಸ್ಸಿನೊಳಗಿನ ಜಗಳವೂ ಮರಾಠಿಗೆ ತಿರುಗುತ್ತಿತ್ತು. ಮದುವೆಯಾದ ಮರುವಾರ ನನ್ನನ್ನು ಅದರಲ್ಲೇ ಕರೆದುಕೊಂಡು ಹೋದರು. ಕಿಟಕಿಯ ಪಕ್ಕ ಕೂಡಿಸಿ ಎಲ್ಲರ ಹಾಗೆ ನನಗೂ ಟಿಕೆಟ್ ಹರಿದು ಕೊಟ್ಟರು. ಸೊಲ್ಲಾಪುರ ಬರುವವರೆಗೆ ಒಂದು ಮಾತೂ ಆಡಲಿಲ್ಲ. ಡ್ರೈವರು ಮಾತ್ರ ಹಿಂದೆ ತಿರುಗಿ ತಿರುಗಿ ನೋಡಿ ನಗುತ್ತಿದ್ದ.

ಆ ದಿನ ನಾನು ಕಂಡ ಒಂದು ಪದ್ಧತಿಯನ್ನು ಹೇಳಬೇಕು. ಚಹಾಕ್ಕೆ ನಿಂತ ಬಸ್ಸು ಹೊರಡುವ ಮುಂಚೆ ಅಜ್ಜ ಹಿಂದಿನ ಸೀಟಿನಿಂದ ತಲೆ ಎಣಿಸುತ್ತ ಬರುತ್ತಿದ್ದರು. ಎಣಿಕೆ ಸರಿಬಂದರೆ ಟಿಕೆಟ್ ತೂತು ಮಾಡುವ ಪಂಚಿನಿಂದ ಕಬ್ಬಿಣದ ಸಲಾಕೆಗೆ ಎರಡು ಸಲ ಹೊಡೆಯುವರು. ಎರಡು ಸಲ ಎಂದರೆ ನಡೆ. ಒಂದೇ ಸಲ ಹೊಡೆದರೆ ಡ್ರೈವರು ಎಲ್ಲಿದ್ದರೂ ನಿಲ್ಲಬೇಕು. ಆ ದಿನ ಒಬ್ಬ ಮುದುಕಿ ಹೋಟೆಲಿನ ಹಿಂದೆ ಉಳಿದುಬಿಟ್ಟಿದ್ದಳು. ಅಜ್ಜ ಒಂದು ಸಲ ಹೊಡೆದರು.

"ಒಂದು ಮುದುಕಿ ಸಲುವಾಗಿ ಇಡೀ ಬಸ್ ನಿಲ್ಲಸ್ತೀರೇನ್ರಿ?" ಎಂದು ಕೋಟಿನವನೊಬ್ಬ ರೇಗಿದ.

"ನಿಮ್ಮವ್ವ ಇದ್ದಿದ್ರ ಹಿಂಗ ಕೇಳತಿದ್ರೇನ್ರಿ? ಸುಮ್ಮ ಕೂಡ್ರಿ" ಎಂದು ಇವರು ಇಳಿದುಹೋಗಿ ಮುದುಕಿಯ ಕೈ ಹಿಡಿದು ಕರೆತಂದರು. ಒಟ್ಟು ಮೂವತ್ತನಾಲ್ಕು ವರ್ಷ ಕೆಲಸ ಮಾಡಿದರು. ದಾರಿಯಲ್ಲಿ ಯಾರನ್ನೂ ಬಿಟ್ಟು ಬಂದವರಲ್ಲ.

ಇನ್ನು ಆ ದಿನದ ಮಾತು. ರೋಹನ್, ಆಗ ನೀನು ಹುಟ್ಟಿ ಆರು ದಿನವಾಗಿತ್ತು. ಅಜ್ಜ ಮತ್ತು ನಾನು ಹ್ಯೂಸ್ಟನ್ನಿನಲ್ಲಿ ನಿಮ್ಮ ಪ್ರಕಾಶ ಮಾಮನ ಮನೆಗೆ ಬಂದಿದ್ದೆವು. ನಿಮ್ಮ ಅಮ್ಮನ ಬಾಣಂತನಕ್ಕೆಂದು ನಾನೊಬ್ಬಳೇ ಡಲ್ಲಾಸಿನ ಪಕ್ಕದ ಫಾರ್ಮರ್ಸ್ ಬ್ರಾಂಚಿಗೆ, ನಿಮ್ಮ ಮನೆಗೆ ಬಂದಾಗ ಅಜ್ಜ ಚೆನ್ನಾಗಿಯೇ ಇದ್ದರು. ಆಮೇಲೆ ಒಮ್ಮಿಂದೊಮ್ಮೆಲೆ ಎದೆನೋವು, ಆಪರೇಷನ್, ಅದರ ಹಿಂದೆ ಜ್ವರ. ಆರನೆಯ ದಿನ ಬೆಳಿಗ್ಗೆ ಪ್ರಕಾಶನ ಫೋನು ಬಂತು.

"ಅವ್ವಾ, ಅಪ್ಪಗ ಎಚ್ಚರ ಇಲ್ಲ. ಡಾಕ್ಟರ್ ಇವತ್ತೋ ನಾಳೆಯೋ ಅಂತಾರ. ನೀ ಬಾ" ಎಂದ.

ನಿನ್ನ ಮೈ ಹಳದಿಯಾಗಿ ನಿನ್ನನ್ನು ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸಿದ್ದರು. ನಿಮ್ಮ ಅಮ್ಮ ಸುಮಾಗೆ ಹೊಲಿಗೆ ಹಾಕಿದ ಜಾಗ ಬಾತು ಜ್ವರ. ನಾಲ್ಕು ವರ್ಷದ ಅದಿತಿ ಎಲ್ಲರ ಕಾಲಿಗೂ ತೊಡರಿಕೊಳ್ಳುತ್ತಿದ್ದಳು. ನಿಮ್ಮ ಅಪ್ಪ ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಯಾವ ಕಡೆ ಹೋಗಬೇಕೆಂದು ಅವನಿಗೇ ತಿಳಿದಿರಲಿಲ್ಲ. ಆಗ ನಾನು ಬಸ್ಸಿನಲ್ಲಿ ಹೋಗುತ್ತೇನೆ ಎಂದೆ.

"ಅತ್ತೆ, ನಿಮಗೆ ಇಂಗ್ಲಿಷ್ ಬರಲ್ಲ. ಒಬ್ಬರೇ ಹೇಗೆ ಹೋಗ್ತೀರಾ?" ಎಂದ.

"ಬಸ್ ಅಂದ್ರ ಬಸ್ಸಪಾ. ಹತ್ತಿದ್ರ ಹೋಗತೈತಿ" ಎಂದೆ. ಕಂಡಕ್ಟರನ ಹೆಂಡತಿಯಾಗಿ ನನಗಿದ್ದ ಧೈರ್ಯ ಅದೊಂದೇ.

ನಾನು ಹೋಗಬೇಕಾದ ಆಸ್ಪತ್ರೆಯ ಹೆಸರು, ಪ್ರಕಾಶನ ನಂಬರು ಎಲ್ಲವನ್ನೂ ಅವನು ಒಂದು ಕಾರ್ಡಿನಲ್ಲಿ ಬರೆದು ನನ್ನ ಚೀಲದಲ್ಲಿಟ್ಟ. ಡಲ್ಲಾಸಿನ ಬಸ್ ನಿಲ್ದಾಣದಲ್ಲಿ ಡ್ರೈವರನಿಗೂ ಹೇಳಿ ಹೋದ. ಬಸ್ಸಿನಲ್ಲಿ ಇಪ್ಪತ್ತು ಜನರಿದ್ದಿರಬಹುದು. ಒಬ್ಬರೂ ಇನ್ನೊಬ್ಬರ ಜೊತೆ ಮಾತಾಡುತ್ತಿರಲಿಲ್ಲ. ನಮ್ಮ ಕಡೆ ಇಷ್ಟು ದೂರದ ಪ್ರಯಾಣವಾದರೆ ಅರ್ಧ ದಾರಿಯೊಳಗೆ ಎಲ್ಲರ ಮಕ್ಕಳ ಮದುವೆಯ ಸುದ್ದಿ ಎಲ್ಲರಿಗೂ ತಿಳಿದುಹೋಗುತ್ತದೆ. ನಾನು ಕಿಟಕಿಗೆ ತಲೆಯಾನಿಸಿ ಕುಳಿತೆ. ಸಾಲು ಸಾಲು ಕಾರು, ಒಂದೊಂದರಲ್ಲಿ ಒಬ್ಬೊಬ್ಬರೇ. ಅಜ್ಜ ಇದ್ದರೆ ಎಷ್ಟು ಸೀಟು ಖಾಲಿ ಹೋಗುತ್ತಿವೆ ನೋಡು ಎನ್ನುತ್ತಿದ್ದರು.

ನಡುದಾರಿಯಲ್ಲಿ ಒಂದು ಸಣ್ಣ ಊರಿನ ಪೆಟ್ರೋಲ್ ಬಂಕಿನ ಮುಂದೆ ಬಸ್ಸು ನಿಂತಿತು. ಊಟದ ಹೊತ್ತು. ಡ್ರೈವರು ಏನೋ ಕೂಗಿ ಹೇಳಿದ. ಜನ ಇಳಿದರು, ನಾನೂ ಇಳಿದೆ. ಬೆಳಗಿನಿಂದ ಅಳು ತಡೆದುಕೊಂಡಿದ್ದೆ. ಪರರ ಎದುರು ಅಳುವುದು ನನ್ನಿಂದಾಗದು. ಅಂಗಡಿಯ ಹಿಂಬದಿಗೆ ಹೋದೆ. ಅಲ್ಲಿ ಕಸದ ಡಬ್ಬಿಗಳ ಪಕ್ಕದ ನೆರಳಿನಲ್ಲಿ ಒಂದು ಕಟ್ಟೆಯಿತ್ತು. ಕುಳಿತು ಸೆರಗು ಬಾಯಿಗೊತ್ತಿಕೊಂಡು ಅತ್ತೆ. ಹೊತ್ತಾಗುತ್ತದೆ ಎಂಬ ಭಯವೇ ನನಗಿರಲಿಲ್ಲ. ಬಸ್ಸಿನವರು ತಲೆ ಎಣಿಸುತ್ತಾರೆ, ಒಂದು ತಲೆ ಕಡಿಮೆಯಾದರೆ ಕೂಗುತ್ತಾರೆ ಎಂಬುದು ನನಗೆ ಉಸಿರಾಟದಷ್ಟು ಸಹಜವಾಗಿತ್ತು. ಈ ದೇಶದ ಬಸ್ಸಿನಲ್ಲಿ ಕಂಡಕ್ಟರೇ ಇಲ್ಲ ಎಂಬುದನ್ನು ಕಣ್ಣಿನಿಂದ ನೋಡಿದ್ದರೂ ಮನಸ್ಸು ಒಪ್ಪಿಕೊಂಡಿರಲಿಲ್ಲ.

ಮುಖ ತೊಳೆದು ಮುಂಬದಿಗೆ ಬಂದಾಗ ಬಸ್ಸು ಹೋಗಿತ್ತು.

ಚೀಲ, ಫೋನು, ಕಾರ್ಡು, ಕನ್ನಡಕ ಎಲ್ಲ ಬಸ್ಸಿನಲ್ಲಿ. ಪ್ರಕಾಶನ ನಂಬರು ನನಗೆ ಬಾಯಿಪಾಠ ಇರಲಿಲ್ಲ. ಅಂಗಡಿಯ ಹುಡುಗಿ ಏನೋ ಕೇಳಿದಳು. ನಾನು "ಹ್ಯೂಸ್ಟನ್, ಹಸ್ಬೆಂಡ್, ಹಾಸ್ಪಿಟಲ್" ಎಂಬ ಮೂರು ಶಬ್ದಗಳನ್ನೇ ಮತ್ತೆ ಮತ್ತೆ ಹೇಳಿದೆ. ಅವಳು ನೀರಿನ ಬಾಟಲಿ ಕೊಟ್ಟು ಇನ್ನಾರನ್ನೋ ಕರೆಯಲು ಒಳಗೆ ಹೋದಳು. ನಾನು ರಸ್ತೆಯ ಅಂಚಿಗೆ ಹೋಗಿ ನಿಂತೆ. ಬಿಸಿಲಿನಲ್ಲಿ ಟಾರು ನೀರಿನ ಹಾಗೆ ಹೊಳೆಯುತ್ತಿತ್ತು. ಅಜ್ಜ ಅಲ್ಲಿ ಹೋಗಿಬಿಡುತ್ತಾರೆ, ನಾನು ಇಲ್ಲಿ ಪೆಟ್ರೋಲ್ ಬಂಕಿನ ಮುಂದೆ ನಿಂತಿರುತ್ತೇನೆ ಎಂಬುದೊಂದೇ ತಲೆಯಲ್ಲಿತ್ತು. ನನ್ನ ಜನ್ಮದಲ್ಲಿ ಅಷ್ಟು ಒಂಟಿಯಾಗಿ ನಾನು ಎಂದೂ ನಿಂತಿರಲಿಲ್ಲ. ಅವರು ಹೋದ ಮೇಲೂ ಅಷ್ಟು ಒಂಟಿತನ ಅನ್ನಿಸಿಲ್ಲ.

ಎಷ್ಟು ಹೊತ್ತಾಯಿತೋ ಹೇಳಲಾರೆ. ಕಾಲು ಗಂಟೆಯೋ, ಅರ್ಧ ಗಂಟೆಯೋ. ಬಸ್ಸು ತಿರುಗಿ ಬಂತು.

ನರೆತ ಮೀಸೆಯ, ದಪ್ಪ ಮೈಯ ಡ್ರೈವರು ಇಳಿದು ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಏನೋ ಕೇಳಿದ. ಬೈಯುತ್ತಾನೆ ಎಂದುಕೊಂಡೆ, ಬೈಯಲಿಲ್ಲ. ಕಿವಿಗೆ ಹಾಡಿನ ವಾಯರು ಸಿಕ್ಕಿಸಿಕೊಂಡಿದ್ದ ಒಬ್ಬ ಹೈದರಾಬಾದಿನ ವಿದ್ಯಾರ್ಥಿನಿ ಅವನ ಹಿಂದೆಯೇ ಇಳಿದು ಬಂದಳು. ನಮ್ಮ ವಿಜಾಪುರದ ಸಂತೆಯಲ್ಲಿ ಕೇಳುವಂಥದೇ ಹಿಂದಿ ಅವಳದು, ನನಗೆ ತಿಳಿಯಿತು.

"ಅಮ್ಮಾ, ಹಿಂದಿನಿಂದ ಯಾರು ಹೊಡೆದದ್ದು ಅಂತ ಕೇಳ್ತಿದ್ದಾರೆ" ಎಂದಳು.

ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಬಸ್ಸು ಹೆದ್ದಾರಿ ಹತ್ತಿ ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಯಾರೋ ಕಬ್ಬಿಣಕ್ಕೆ ಕಬ್ಬಿಣದಿಂದ ಹೊಡೆದಂತೆ ಒಂದು ಸಪ್ಪಳ. ಡ್ರೈವರು ಕನ್ನಡಿಯಲ್ಲಿ ನೋಡಿದರೆ ಯಾರೂ ಎದ್ದು ನಿಂತಿಲ್ಲ. ತುಸು ಹೊತ್ತಿನ ಮೇಲೆ ಮತ್ತೊಂದು. ಆ ಎರಡನೆಯದು ಹಾಡು ಕೇಳುತ್ತಿದ್ದ ಇವಳಿಗೂ ಕೇಳಿಸಿತು. ಏನೋ ಸಡಿಲಾಗಿದೆ ಎಂದು ಡ್ರೈವರು ಬಸ್ಸನ್ನು ಅಂಚಿಗೆ ನಿಲ್ಲಿಸಿ ಹಿಂದಿನವರೆಗೆ ಹೋಗಿ ಎಲ್ಲವನ್ನೂ ಅಲುಗಾಡಿಸಿ ನೋಡಿದ. ಏನೂ ಸಡಿಲಾಗಿರಲಿಲ್ಲ. ತಿರುಗಿ ಬರುವಾಗ ಖಾಲಿ ಸೀಟಿನಲ್ಲಿ ನನ್ನ ಚೀಲ ಕಂಡಿತು.

ಡ್ರೈವರು ನನ್ನನ್ನು ತನ್ನ ಹಿಂದಿನ ಸೀಟಿಗೇ ಕೂಡಿಸಿಕೊಂಡ. ನಾನು ಯಾಕೆ ಹಿಂಬದಿಗೆ ಹೋಗಿದ್ದೆ ಎಂದು ಆ ಹುಡುಗಿಯಿಂದ ಕೇಳಿಸಿದ. ಅಳಲಿಕ್ಕೆ ಎಂದೆ. ಅವನು ಏನೋ ಹೇಳಿದ.

"ಇನ್ನು ಅಳುವುದಿದ್ದರೆ ಬಸ್ಸಿನಲ್ಲೇ ಅಳಬೇಕಂತೆ. ಅದಕ್ಕೆ ಬೇರೆ ಟಿಕೆಟ್ ಇಲ್ಲವಂತೆ" ಎಂದಳು ಹುಡುಗಿ.

ಆಮೇಲೆ ಅವನು ತನ್ನ ತಂದೆಯ ಮಾತು ತೆಗೆದ. ಹುಡುಗಿ ಅಷ್ಟಷ್ಟೇ ಹಿಂದಿಗೆ ತಿರುಗಿಸಿ ಹೇಳುತ್ತಿದ್ದಳು. ಅವನ ತಂದೆಯೂ ಬಸ್ಸಿನ ಡ್ರೈವರನೇ ಅಂತೆ. ಇವನು ಚಿಕ್ಕವನಿದ್ದಾಗ ಹೊರವಲಯದ ಊರುಗಳಿಂದ ಬೆಳಿಗ್ಗೆ ಡಲ್ಲಾಸಿನ ಪೇಟೆಗೆ ಜನರನ್ನು ಕರೆದೊಯ್ದು ಸಂಜೆ ತಿರುಗಿ ತಂದು ಬಿಡುತ್ತಿದ್ದನಂತೆ. ಬಟ್ಟೆ ಅಂಗಡಿಯ ಹೆಂಗಸರು, ಟೈಪ್ ಮಾಡುವವರು, ಟೋಪಿ ಹಾಕಿದ ಗುಮಾಸ್ತರು, ದಿನವೂ ಅದೇ ಜನ, ಅದೇ ಸೀಟು. ಕಪ್ಪು ಜನ ಮಾತ್ರ ಆ ಕಾಲದಲ್ಲಿ ಹಿಂದೆಯೇ ಕೂಡಬೇಕಿತ್ತು, ಅದನ್ನೂ ಹೇಳಿದ. ಯಾರಾದರೂ ನಿಲ್ದಾಣದಲ್ಲಿ ಕಾಣದಿದ್ದರೆ ಅವನ ತಂದೆ ಅವರ ಮನೆಯ ಬಾಗಿಲು ತೆರೆಯುವವರೆಗೆ ಹಾರ್ನ್ ಒತ್ತುತ್ತಿದ್ದನಂತೆ. "ಈಗ ನಾನು ಯಾರ ಮುಖವನ್ನೂ ಎರಡನೆಯ ಸಲ ನೋಡುವುದಿಲ್ಲ" ಎಂದನಂತೆ. ಅವನ ದನಿ ನನಗೆ ಅನುವಾದವಿಲ್ಲದೆಯೇ ತಿಳಿಯಿತು.

ಹ್ಯೂಸ್ಟನ್ನಿನಲ್ಲಿ ಇಳಿದು ಟ್ಯಾಕ್ಸಿಯವನಿಗೆ ಕಾರ್ಡು ತೋರಿಸಿ ಆಸ್ಪತ್ರೆಗೆ ಹೋದೆ. ಅಜ್ಜನಿಗೆ ಇನ್ನೂ ಜೀವವಿತ್ತು, ಉಸಿರು ನಿಧಾನವಾಗಿ ಆಡುತ್ತಿತ್ತು. ಅವರ ಬಲಗೈಗೆ ದಪ್ಪ ಬಟ್ಟೆಯ ಚೀಲ ಕಟ್ಟಿದ್ದರು. ಇದೇಕೆ ಎಂದು ಪ್ರಕಾಶನನ್ನು ಕೇಳಿದೆ.

"ಊಟದ ಹೊತ್ತಿಗೆ ಕೈಯಾನ ಉಂಗುರದಿಂದ ಮಂಚದ ಸಲಾಕಿಗೆ ಹೊಡದ್ರವ್ವಾ. ಕಣ್ಣ ತಗದಿಲ್ಲ, ಏನಿಲ್ಲ. ಸೂಜಿ ಕಿತ್ತೀತು ಅಂತ ನರ್ಸ್ ಕಟ್ಯಾಳ."

"ಎಷ್ಟ ಸಲ ಹೊಡದ್ರು?"

"ಒಮ್ಮೆ ಹೊಡದ್ರು. ಆಮ್ಯಾಲ ಮತ್ತ ಒಮ್ಮೆ. ಯಾಕ?"

ಎಷ್ಟು ಗಂಟೆಗೆ ಎಂದು ಕೇಳಿದೆ. ಅವನು ಗಡಿಯಾರ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಜ್ವರದಲ್ಲಿ ಮನುಷ್ಯ ಕೈ ಆಡಿಸುವುದು ಸಹಜ. ಹಳೆಯ ಬಸ್ಸಿನಲ್ಲಿ ಸಪ್ಪಳವಾಗುವುದೂ ಸಹಜ. ಇವೆರಡನ್ನೂ ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಒಂದೊಂದಾಗಿ ಹೇಳಿಕೊಂಡರೆ ಸರಿ ಅನ್ನಿಸುತ್ತದೆ. ಎರಡನ್ನೂ ಒಟ್ಟಿಗೆ ಹೇಳಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಮರುದಿನ ಅಜ್ಜ ಕಣ್ಣು ತೆರೆದರು. ಡಾಕ್ಟರರಿಗೂ ಆಶ್ಚರ್ಯ. ಇನ್ನೂ ನಾಲ್ಕು ದಿನ ಇದ್ದರು. ಕೂಸಿನ ತಲೆಯಲ್ಲಿ ಕೂದಲಿದೆಯೇ ಎಂದು ಕೇಳಿದರು. ಮಜ್ಜಿಗೆ ಕೇಳಿದರು. ನಾನು ಕೇಳಬೇಕಾದದ್ದು ಮಾತ್ರ ನಾಲಿಗೆಯ ತುದಿಯಲ್ಲೇ ಉಳಿಯಿತು. ಪ್ರಕಾಶ ಇರುತ್ತಿದ್ದ, ನರ್ಸುಗಳು ಬಂದು ಹೋಗುತ್ತಿದ್ದರು. ನಾಲ್ಕು ಜನರ ಎದುರು ಗಂಡನನ್ನು ಏನಾದರೂ ಕೇಳಿದ ಅಭ್ಯಾಸ ನನಗಿರಲಿಲ್ಲ. ಮೂರನೆಯ ದಿನ ಸಂಜೆ ಪ್ರಕಾಶ ಯಾವುದೋ ಔಷಧಿಗೆಂದು ಕೆಳಗೆ ಹೋದ. ಕೋಣೆಯಲ್ಲಿ ನಾವಿಬ್ಬರೇ. ನಾನು ಹೊದಿಕೆ ಸರಿಮಾಡುತ್ತ ನಿಂತೆ.

"ಬಸ್ಸಿನ್ಯಾಗ ಸೀಟ ಸಿಕ್ಕಿತ್ತೇನ?" ಎಂದರು.

"ಸಿಕ್ಕಿತ್ರಿ."

"ಕಿಡಕಿ ಕಡೇದು?"

"ಹೂನ್ರಿ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೇಳು ಎನ್ನುತ್ತಿದ್ದರೋ, ಬರೀ ನೋಡುತ್ತಿದ್ದರೋ ಅರಿಯೆ. ಹುಚ್ಚಿ ಎಂದು ನಕ್ಕಾರು ಎಂದು ನಾಚಿಕೆಯಾಯಿತು. ನಾಳೆ ಕೇಳೋಣ ಎಂದುಕೊಂಡು ನೀರು ಕುಡಿಸಿದೆ. ಮರುದಿನ ಪೂರ್ತಿ ಕೋಣೆಯಲ್ಲಿ ಜನ ಇದ್ದರು. ಅದರ ಮರುದಿನ ಬೆಳಗಿನಲ್ಲಿ ಅವರು ಹೋದರು.

ಅದೇನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದವರು ಒಬ್ಬರಿದ್ದರೇನೋ. ಅವರು ನನ್ನ ಕೈಯಳತೆಯಲ್ಲಿದ್ದಾಗ ನಾನು ಕೇಳಲಿಲ್ಲ. ಹದಿನೆಂಟು ವರ್ಷದಿಂದ ನನ್ನ ಜೊತೆ ಇರುವುದು ಆ ಸಪ್ಪಳವಲ್ಲ, ನಾನು ಆಡದ ಆ ಒಂದು ಮಾತು.

ಮಕ್ಕಳೇ, ಮನೆ ಶಿಫ್ಟ್ ಮಾಡುವಾಗ ನೀವು ಹಳೆಯ ಕಾಗದಗಳನ್ನೆಲ್ಲ ರದ್ದಿಯ ನೀಲಿ ಡಬ್ಬಿಗೆ ಹಾಕುವುದನ್ನು ನೋಡಿದ್ದೇನೆ. ಇವನ್ನು ಹಾಕಬೇಡಿ. ಆರು ಹಾಳೆಗಳಿವೆ. ನಿಮ್ಮ ಪಾಸ್‌ಪೋರ್ಟುಗಳ ಜೊತೆ ಇಟ್ಟುಕೊಳ್ಳಿ.