ಎಂಟು ನಿಮಿಷ ನಿಲ್ಲಿಸದ ಯಂತ್ರ

ನಮ್ಮ ಚಿಕ್ಕಮ್ಮ ಹದಿನಾಲ್ಕು ವರ್ಷದಿಂದ ಒಂದು ರಕ್ತ ಪರೀಕ್ಷಾ ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಾಳೆ. ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ ಸರ್ವರ್ ಇದೆ. ರೋಗಿಗಳ ವರದಿಗಳೆಲ್ಲ ಇರುವುದು ಅದರಲ್ಲೇ. ಅದು ಒಮ್ಮೆಯೂ ನಿಲ್ಲದೆ ಎಷ್ಟು ದಿನ ಓಡಿತೆಂದು ಬಾಗಿಲ ಒಳಬದಿಗೆ ಅಂಟಿಸಿದ ಹಾಳೆಯಲ್ಲಿ ಅವಳು ಬರೆದಿಡುತ್ತಿದ್ದಳು. ಸಾವಿರ ದಾಟಿದ ದಿನ ಕೌಂಟರಿನಲ್ಲಿ ಕೂರುವಾಕೆ ಇಣುಕಿ ನೋಡಿ, "ಅಕ್ಕಾ, ನಿಮ್ ಮಗುಗೆ ಮೂರು ವರ್ಷ ಆಗ್ತಾ ಬಂತು. ಸ್ಕೂಲಿಗೆ ಸೇರಿಸಲ್ವಾ?" ಎಂದು ಕಾಡಿಸಿದ್ದಳಂತೆ.

ಆಮೇಲೆ ಒಂದು ದಿನ ಕರ್ನಲ್‌ನಲ್ಲಿ ದೋಷವಿದೆ ಎಂಬ ಎಚ್ಚರಿಕೆ ಬಂತು. ಯಂತ್ರದಲ್ಲಿ ಯಾರು ಏನನ್ನು ಮುಟ್ಟಬಹುದು ಎಂದು ತೀರ್ಮಾನಿಸುವ ಒಳಗಿನ ತಿರುಳೇ ಕರ್ನಲ್. ಅದರಲ್ಲೊಂದು ಕಂಡಿ ಇದ್ದರೆ ಮಾಮೂಲಿ ಬಳಕೆದಾರನಾಗಿ ನುಸುಳಿದವನೂ ಇಡೀ ಯಂತ್ರಕ್ಕೆ ಯಜಮಾನನಾಗಬಹುದು. ಚಿಕ್ಕಮ್ಮ ಅಂದೇ ಆ ಕಂಡಿ ಮುಚ್ಚುವ ಪ್ಯಾಚ್ ಹಾಕಿ, ದಾಖಲೆ ಪುಸ್ತಕದಲ್ಲಿ 'ಪ್ಯಾಚ್ ಆಗಿದೆ' ಎಂದು ಬರೆದಳು. ಆದರೆ ಕರ್ನಲ್‌ನ ಪ್ಯಾಚ್ ಹಾಕಿದರಷ್ಟೇ ಸಾಲದು, ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಅಲ್ಲಿಯವರೆಗೂ ಓಡುತ್ತಿರುವುದು ಹಳೆಯದೇ. ಎಂಟು ನಿಮಿಷದ ಕೆಲಸ. ಹಾಳೆಯಲ್ಲಿ ಆಗ ಸಾವಿರದ ಎಪ್ಪತ್ತಾರು ಇತ್ತು. ಅವಳು ನಿಲ್ಲಿಸಲಿಲ್ಲ.

ಹತ್ತೊಂಬತ್ತನೆಯ ದಿನ ಕೌಂಟರಿನಾಕೆ ಬಿಲ್ ಎಂದು ಬಂದ ಒಂದು ಮೇಲ್ ತೆರೆದಳು. ಆಕೆಯ ಖಾತೆಯಿಂದ ಯಾರೋ ಒಳಗೆ ಬಂದರು. ಹೊಸ ಕರ್ನಲ್ ಓಡುತ್ತಿದ್ದರೆ ಕೆಡುತ್ತಿದ್ದುದು ಆಕೆಯ ಫೈಲುಗಳಷ್ಟೇ. ಈಗ ಎಲ್ಲ ವರದಿಗಳಿಗೂ ತೆರೆಯಲಾಗದಂತೆ ಬೀಗ ಬಿತ್ತು. ಬೇರೆ ಕಡೆ ತೆಗೆದಿಟ್ಟಿದ್ದ ನಕಲು ಹನ್ನೆರಡು ದಿನ ಹಳೆಯದು.

"ಒಂದು ಕ್ಲಿಕ್ಕಲ್ಲಿ ಎಲ್ಲಾ ಗುಡಿಸಿ ಹಾಕ್ಬಿಟ್ಯಲ್ಲಮ್ಮಾ!" ಎಂದು ಕೇಂದ್ರದ ಯಜಮಾನರಾದ ಡಾಕ್ಟರು ಆಕೆಯ ಮೇಲೆ ಕೂಗಾಡಿದರು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ನೀವು ಪ್ಯಾಚ್ ಹಾಕಿದ್ರಿ ತಾನೆ?" ಎಂದರು.

"ಹಾಕಿದ್ದೆ ಸಾರ್."

ಕೌಂಟರಿನಾಕೆಗೆ ನಾಳೆಯಿಂದ ಬರಬೇಡ ಎಂದರು. ಆಕೆ ಡ್ರಾಯರಿನಿಂದ ತನ್ನ ಕನ್ನಡಕದ ಡಬ್ಬಿ, ಬಾಚಣಿಗೆ ತೆಗೆದುಕೊಳ್ಳುತ್ತಾ, "ಅಕ್ಕಾ, ನನ್ನೊಬ್ಬಳಿಂದಾನೇ ಇಷ್ಟೆಲ್ಲಾ ಆಗುತ್ತಾ?" ಎಂದು ಕೇಳಿದಳು.

"ನನಗೂ ಗೊತ್ತಾಗ್ತಿಲ್ಲ," ಎಂದಳು ಚಿಕ್ಕಮ್ಮ. ಇದನ್ನು ನಮಗೆ ಹೇಳುವಾಗ ಅವಳು ಗೋಡೆಯ ಕಡೆ ಮುಖ ಮಾಡಿದ್ದಳು.

ಆ ಹನ್ನೆರಡು ದಿನಗಳಲ್ಲಿ ಬಂದವರನ್ನೆಲ್ಲ ಮತ್ತೆ ರಕ್ತ ಕೊಡಲು ಕರೆಸಿದರು. ಹೆಸರು ಬರೆದುಕೊಳ್ಳಲು ಕೌಂಟರಿನ ಕುರ್ಚಿಯಲ್ಲಿ ಕೂತವಳು ಚಿಕ್ಕಮ್ಮನೇ. ಮೂರನೆಯ ದಿನ ಒಬ್ಬ ಅಜ್ಜ ತೋಳು ಮಡಚಿಕೊಂಡು, "ಈ ಕೈ ಬೇಡಮ್ಮ, ಇದನ್ನ ಹೋದ ವಾರಾನೇ ಖಾಲಿ ಮಾಡಿದ್ದೀರಿ," ಎಂದು ಎಲ್ಲರನ್ನೂ ನಗಿಸಿದರು. ಆಮೇಲೆ, "ಹಾಳು ಮಾಡಿದೋಳನ್ನ ಏನು ಮಾಡಿದ್ರಿ?" ಎಂದರು.

"ಕೆಲಸದಿಂದ ತೆಗೆದ್ರು."

"ಒಳ್ಳೇದಾಯ್ತು ಬಿಡಿ."

ಚಿಕ್ಕಮ್ಮ ಪೆನ್ನು ಕೆಳಗಿಟ್ಟು ನೇರ ಡಾಕ್ಟರ ಕೋಣೆಗೆ ಹೋದಳು. ನಿಂತುಕೊಂಡೇ ಎಲ್ಲ ಹೇಳಿದಳು.

"ಊಟದ ಹೊತ್ತಲ್ಲಿ ಮುಗಿಸಬಹುದಿತ್ತಲ್ಲ, ಯಾಕೆ ಬಿಟ್ರಿ?"

"ಸಾವಿರದ ನೂರು ತುಂಬಲಿ ಅಂತ ಇದ್ದೆ ಸಾರ್."

"ಏನು ಸಾವಿರದ ನೂರು?"

ಡಾಕ್ಟರು ಆ ಹಾಳೆಯನ್ನು ಎಂದೂ ನೋಡಿಯೇ ಇರಲಿಲ್ಲ. ಅವಳು ವಿವರಿಸಿದಳು. ಅವರು, "ಆಯಮ್ಮನ್ನ ವಾಪಸ್ ಕರೀರಿ. ಫೋನಲ್ಲಿ ಬೇಡ, ನೀವೇ ಹೋಗಿ," ಎಂದರು. ಚಿಕ್ಕಮ್ಮನನ್ನು ಕೆಲಸದಿಂದ ತೆಗೆಯಲಿಲ್ಲ. ಬೇರೆ ಯಾರಿಗೂ ಆ ಯಂತ್ರ ಗೊತ್ತಿರಲಿಲ್ಲ.

ಕೌಂಟರಿನಾಕೆ ತನ್ನ ಮನೆಯ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡಳು. ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು.

"ನಾನು ಕೇಳಿದ್ನಲ್ಲಾ ಅವತ್ತು. ಬಾಯಿ ಬಿಟ್ಟು ಕೇಳಿದ್ನಲ್ಲಾ."

"ನೀನು ಕೇಳಿದ್ದೆ ಕಣಮ್ಮ. ತಪ್ಪಾಯ್ತು."

"ಮೂರು ದಿನ ನಮ್ಮನೇಲಿ ನನ್ನ ಮಗಳೂ ನನ್ನನ್ನ ದಡ್ಡಿ ಅಂದ್ಲು. ನಾನೂ ಹೌದು ಅಂದ್ಕೊಂಡೆ." ಆಕೆ ಬಟ್ಟೆ ಹಿಂಡಿದಳು. "ಸೋಮವಾರ ಬರ್ತೀನಿ, ಸಂಬಳ ಬೇಕಲ್ಲ. ನಿಮ್ ಜೊತೆ ಮಾತಾಡು ಅಂತ ಮಾತ್ರ ಹೇಳ್ಬೇಡಿ."

ಹೇಳಿದ ಹಾಗೇ ಬಂದಳು. ಆರು ತಿಂಗಳಾಯಿತು, ಮಾತಿಲ್ಲ. ನಮ್ಮಮ್ಮ, "ನಿಜ ಹೇಳಿದ್ಯಲ್ಲೇ, ಇನ್ನೆಷ್ಟು ದಿನ ಕೊರಗ್ತೀಯಾ?" ಎಂದು ಗದರುತ್ತಾಳೆ.

"ಮೂರು ದಿನ ತಡವಾಗಿ ಹೇಳ್ದೆ ಅಕ್ಕಾ," ಎನ್ನುತ್ತಾಳೆ ಚಿಕ್ಕಮ್ಮ, ತಟ್ಟೆಯಲ್ಲಿ ಅನ್ನ ಕೆದಕುತ್ತಾ.