ಗಾಲಿ ಬಡಿಯುವವನ ಹಾಡು

ದಿನಾಂಕ ೧೫ ಏಪ್ರಿಲ್ ೨೦೦೧, ಭಾನುವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸ್ಥಳ: ನಾಗಪುರದ ಇತವಾರಿಯಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಧ್ವನಿಮುದ್ರಣದ ಕೋಣೆ. ಹಾಜರಿದ್ದವರು: ಹಾಡು ಬರೆದು ಹಾಡುವ ನನ್ನ ಮಗಳು ಸುಷ್ಮಾ, ಡ್ರಮ್ ಬಾರಿಸುವ ವಿಠ್ಠಲ, ಗಿಟಾರ್ ನುಡಿಸುವ ಅಮೋಲ್, ಮುದ್ರಣ ಮಾಡುವ ದೇಶಮುಖ್ ಮತ್ತು ಎರಡು ಅಡಿ ಉದ್ದದ ರೈಲು ಹಳಿಯ ತುಂಡಿನ ಮುಂದೆ ಸುತ್ತಿಗೆ ಹಿಡಿದು ನಿಂತ ನಾನು.

ಲಘುವಾಗಿ ಬರೆಯಲು ಕುಳಿತವನು ಹೀಗೆ ಪಂಚನಾಮೆಯಂತೆ ಶುರು ಮಾಡಿದ್ದಕ್ಕೆ ಬೇಸರಿಸಬೇಡಿ. ರೈಲ್ವೆಯಲ್ಲಿ ಡಬ್ಬಿಗಳ ತಪಾಸಣೆಗಾರನಾಗಿ ಸೇವಾವಧಿ ಪೂರ್ತಿ ರಿಜಿಸ್ಟರ್ ಬರೆದವನು ನಾನು. ತಾರೀಖು, ವೇಳೆ, ಹಾಜರಿ ಇಲ್ಲದೆ ನನ್ನ ಪೆನ್ನಿನಿಂದ ಶಾಯಿ ಇಳಿಯುವುದಿಲ್ಲ. ತಂಗಿಯ ಮಗುವಿನ ನಾಮಕರಣಕ್ಕೆ ಶುಭಾಶಯ ಬರೆದಾಗಲೂ ಮೊದಲ ಸಾಲಿನಲ್ಲಿ ವೇಳೆ ಹಾಕಿದ್ದೆ.

ನನ್ನ ಕೆಲಸವನ್ನು ನೀವು ನೋಡಿರುತ್ತೀರಿ, ಗಮನಿಸಿರಲಾರಿರಿ. ಗಾಡಿ ನಿಲ್ದಾಣದಲ್ಲಿ ನಿಂತಾಗ ನೀವು ಚಹಾದವನನ್ನು ಹುಡುಕುತ್ತಿರುತ್ತೀರಿ. ಆಗ ಕೆಳಗೆ ಹಳಿಯ ಮಗ್ಗುಲಲ್ಲಿ ಒಬ್ಬ ಉದ್ದ ಹಿಡಿಕೆಯ ಸುತ್ತಿಗೆಯಿಂದ ಒಂದೊಂದೇ ಗಾಲಿಯನ್ನು ಬಡಿಯುತ್ತಾ ಹೋಗುತ್ತಾನೆ. ಗಟ್ಟಿಯಿರುವ ಗಾಲಿ ಗಂಟೆಯಂತೆ ದನಿ ಕೊಡುತ್ತದೆ. ಒಳಗೆ ಬಿರುಕಿದ್ದರೆ ಮಣ್ಣಿನ ಮುದ್ದೆಗೆ ಬಡಿದ ಹಾಗೆ ಮಂಕಾಗಿ ಉತ್ತರಿಸುತ್ತದೆ. ಹುಬ್ಬಳ್ಳಿಯಲ್ಲಿ ಕಲಿತು, ವರ್ಗವಾಗಿ ನಾಗಪುರಕ್ಕೆ ಬಂದು, ಇಲ್ಲೇ ನಿವೃತ್ತನಾಗುವವರೆಗೆ ನಾನು ಮಾಡಿದ್ದು ಇಷ್ಟೇ.

ಬಡಿದು ನೋಡುವುದೇನೂ ರೈಲ್ವೆಯವರ ಆವಿಷ್ಕಾರವಲ್ಲ. ಏಪ್ರಿಲ್ ಬಂತೆಂದರೆ ನಾಗಪುರದ ಬೀದಿಬದಿಯಲ್ಲಿ ಹೊಸ ಮಡಕೆಗಳ ರಾಶಿ ಬೀಳುತ್ತದೆ. ಬೆರಳ ಗೆಣ್ಣಿನಿಂದ ಬಾರಿಸದೆ ಯಾವ ಗೃಹಿಣಿಯೂ ಮಡಕೆ ಕೊಳ್ಳುವುದಿಲ್ಲ. ಕಳಮನಾ ಮಾರುಕಟ್ಟೆಯಲ್ಲಿ ಕಲ್ಲಂಗಡಿ ವ್ಯಾಪಾರಿ ಹಣ್ಣಿನ ಹೊಟ್ಟೆಗೆ ಎರಡು ಏಟು ಹಾಕಿ, ಜ್ಯೋತಿಷಿಯಂತೆ ಕಣ್ಣುಮುಚ್ಚಿ, ಕೆಂಪೋ ಬಿಳಿಯೋ ಹೇಳುತ್ತಾನೆ. ಡಾಕ್ಟರರೂ ನಮ್ಮ ಬೆನ್ನಿನ ಮೇಲೆ ಬೆರಳಿಟ್ಟು ಬಡಿಯುತ್ತಾರೆ. ಒಳಗಿನದನ್ನು ಕಣ್ಣು ಕಾಣಲಾರದು ಎಂದು ಗೊತ್ತಾದ ಕಡೆಯಲ್ಲೆಲ್ಲ ಮನುಷ್ಯ ಕಿವಿಯನ್ನು ನಂಬಿದ್ದಾನೆ. ಬಡಿಯುವವನು ಮಾತ್ರ ಯಾವಾಗಲೂ ಸ್ವಲ್ಪ ಪೆದ್ದನಂತೆ ಕಾಣುತ್ತಾನೆ.

ಇಂಥ ಪೆದ್ದನ ಮೇಲೆ ಹಾಡು ಹುಟ್ಟಿದ್ದು ಹೀಗೆ. ಸುಷ್ಮಾ ಆಗ ಮೂರನೆಯ ತರಗತಿ. ಒಂದು ಮಧ್ಯಾಹ್ನ ತಾಯಿಯ ಜೊತೆ ನನ್ನ ಊಟದ ಡಬ್ಬಿ ತಂದು ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಬಡಿಯುತ್ತಾ ಬಂದವನು ಗಾಡಿಯ ಒಂದು ಡಬ್ಬಿಯ ಗಾಲಿಯ ಬಳಿ ನಿಂತೆ. ಮತ್ತೊಮ್ಮೆ ಬಡಿದೆ. ಅದು ದನಿ ಕೊಡಲಿಲ್ಲ. ಡಬ್ಬಿಯನ್ನು ಗಾಡಿಯಿಂದ ಬಿಡಿಸಬೇಕೆಂದು ಬರೆದುಕೊಟ್ಟೆ. ಅದರೊಳಗೆ ಮದುವೆಯ ದಿಬ್ಬಣವೊಂದು ಕುಳಿತಿತ್ತು. ವರನ ಮಾವ ಕೆಳಗಿಳಿದು ಬಂದು ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ನನ್ನನ್ನು ಬೈದ. ನಾನು ತಲೆ ತಗ್ಗಿಸಿ ರಿಜಿಸ್ಟರ್ ತುಂಬುತ್ತಿದ್ದೆ.

ಸಂಜೆ ಮನೆಯಲ್ಲಿ ಸುಷ್ಮಾ ಕೇಳಿದಳು: "ಅಪ್ಪಾ, ನಿಮಗ ಏನ್ ಕೇಳಿಸ್ತು?"

"ಏನೂ ಕೇಳಿಸಲಿಲ್ಲ. ಅದಕ್ಕ ನಿಲ್ಲಿಸಿದೆ."

ನಾನು ಆ ಮಾತನ್ನು ಮರೆತೆ. ಅವಳು ಮರೆಯಲಿಲ್ಲ. ಕಾಲೇಜು ಮುಗಿಸಿ, ಬ್ಯಾಂಕಿನ ಕೆಲಸಕ್ಕೆ ಸೇರಿ, ಭಾನುವಾರಗಳಂದು ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ರಾಕ್ ಹಾಡಲು ಶುರು ಮಾಡಿದ ಮೇಲೆ ಹಿಂದಿಯಲ್ಲಿ ಒಂದು ಹಾಡು ಬರೆದಳು. ಗಾಡಿ ಏಕೆ ನಿಂತಿತೆಂದು ಎಲ್ಲರೂ ಕೂಗಾಡಿದರು, ಆ ಮನುಷ್ಯ ಏನನ್ನು ಆಲಿಸಿದನೆಂದು ಯಾರೂ ವಿಚಾರಿಸಲಿಲ್ಲ ಎಂಬುದು ಅದರ ಪಲ್ಲವಿಯ ಅರ್ಥ.

ಇದನ್ನು ಕೇಳಿ ನನ್ನ ಹೆಂಡತಿ ಹೇಳಿದ್ದನ್ನೂ ದಾಖಲಿಸಬೇಕು. "ಅಲ್ರೀ, ಅವತ್ತ ನಾನೂ ಅಲ್ಲೇ ಇದ್ನಲ್ಲಾ? ಇಷ್ಟ್ ವರ್ಷ ಡಬ್ಬಿ ಕಟ್ಟಿ ಹೊತ್ತು ತಂದಾಕಿ ಮ್ಯಾಲ ಒಂದ್ ಸಾಲಿಲ್ಲ. ಕಬ್ಬಿಣ ಬಡದವರ ಮ್ಯಾಲ ಪೂರಾ ಹಾಡು."

ಹಾಡಿನ ನಡುನಡುವೆ ನಿಜವಾದ ಸುತ್ತಿಗೆಯ ಸದ್ದು ಬೇಕು, ಅದನ್ನು ಅಪ್ಪನೇ ಬಡಿಯಬೇಕು ಎಂದು ಸುಷ್ಮಾ ಹಟ ಹಿಡಿದಳು. ನನ್ನ ಹಳೆಯ ಸುತ್ತಿಗೆ ಮನೆಯಲ್ಲೇ ಇರಬಹುದೆಂದು ಅವಳ ಎಣಿಕೆ. ಅದನ್ನು ನಿವೃತ್ತಿಯ ದಿನವೇ ಒಪ್ಪಿಸಿ ರಸೀದಿ ಪಡೆದಿದ್ದೆ. ಕೊನೆಗೆ ವಿಠ್ಠಲ ಒಂದು ಸಾದಾ ಸುತ್ತಿಗೆಗೆ ಉದ್ದ ಹಿಡಿಕೆ ಹಾಕಿಸಿದ. ಗಾಲಿಯನ್ನು ಮಾಳಿಗೆಗೆ ಹೊರುವುದು ಆಗದ ಕಾರಣ ಗುಜರಿಯಿಂದ ಹಳಿಯ ತುಂಡು ತಂದು, ಶಾಲೆಯ ಗಂಟೆಯ ಹಾಗೆ ಹಗ್ಗದಲ್ಲಿ ನೇತುಹಾಕಿದ.

ರಾಕ್ ಎಂದರೆ ಪಕ್ಕದ ಮನೆಯವರು ದೂರು ತರುವ ಸಂಗೀತ, ಅದನ್ನು ನುಡಿಸುವವರು ಮಧ್ಯಾಹ್ನ ಏಳುವ ಜನ ಎಂದು ನಾನು ತಿಳಿದಿದ್ದೆ. ಆ ಭಾನುವಾರ ನಾನು ಹೊತ್ತಿಗೆ ಇಪ್ಪತ್ತು ನಿಮಿಷ ಮೊದಲೇ ಹೋಗಿ ಅವರನ್ನು ನಾಚಿಸಬೇಕೆಂದಿದ್ದೆ. ಅವರು ನನಗಿಂತ ಮೊದಲೇ ಬಂದು ಕೇಬಲ್ಲುಗಳನ್ನು ಸುರುಳಿ ಸುತ್ತಿ, ಪ್ರತಿಯೊಂದಕ್ಕೂ ಚೀಟಿ ಅಂಟಿಸಿಟ್ಟಿದ್ದರು. ವಿಠ್ಠಲ ನನ್ನ ಸಹೋದ್ಯೋಗಿಯೊಬ್ಬರ ಮಗ, ಖಾಪರಖೇಡಾ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಕೆಲಸ, ಬೆನ್ನಿಗೆ ಬೀಳುವ ಕೂದಲು. ಆತ ಡ್ರಮ್ಮಿನ ಮೇಲೆ ಬಾಗಿ, ಅಂಚಿನ ಒಂದೊಂದು ತಿರುಪಿನ ಬಳಿಯೂ ಕೋಲಿನಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು, ತಿರುಪು ಕಾಲು ಸುತ್ತು ತಿರುಗಿಸಿ, ಮತ್ತೆ ತಟ್ಟುತ್ತಿದ್ದ. ಇಡೀ ವೃತ್ತವನ್ನು ಹೀಗೇ ಸುತ್ತಿದ. ನಾನು ಬಾಗಿಲಲ್ಲೇ ನಿಂತೆ. ನನ್ನ ಕೈಕೆಳಗೆ ಕಲಿತ ಹುಡುಗರಲ್ಲಿ ಇಷ್ಟು ತಾಳ್ಮೆಯಿಂದ ತಟ್ಟಿದವರು ಇಬ್ಬರೂ ಇರಲಿಲ್ಲ. ಆ ಕೂದಲನ್ನು ನಾನು ಅಲ್ಲೇ ಮನ್ನಿಸಿಬಿಟ್ಟೆ.

ಸಮಯ ಬಿಗಿಯಾಗಿತ್ತು. ಎರಡು ಗಂಟೆಗೆ ಆ ಕೋಣೆ ಒಂದು ಭಜನಾ ಮಂಡಳಿಗೆ ಕಾಯ್ದಿರಿಸಲಾಗಿತ್ತು. ವಿಠ್ಠಲ ಪಾಳಿಗೆ ಓಡಬೇಕಿತ್ತು. ಅಮೋಲ್ ಅದೇ ವಾರ ಪುಣೆಗೆ ವರ್ಗವಾಗಿ ಹೊರಟಿದ್ದ. ಮೂವರೂ ಒಟ್ಟಿಗೆ ಮುದ್ರಿಸಲು ಉಳಿದದ್ದು ಆ ಒಂದೇ ಬೆಳಗು. ಸುಷ್ಮಾ ಇದನ್ನು ನನಗೆ ಹೇಳಿರಲಿಲ್ಲ, ಅಮೋಲ್ ಹೇಳಿದ.

ದೇಶಮುಖ್ ಕೂಲರ್ ನಿಲ್ಲಿಸಿದರು. ಅದರ ಗರಗರ ಧ್ವನಿಗ್ರಾಹಕಕ್ಕೆ ತಾಗುತ್ತದೆಂದು ಪ್ರತಿ ಸಲವೂ ನಿಲ್ಲಿಸಲೇಬೇಕು. ನಾಗಪುರದ ಏಪ್ರಿಲ್‌ನಲ್ಲಿ, ಗೋಡೆಗೆಲ್ಲ ಹಾಸಿಗೆ ಬಡಿದು ಮುಚ್ಚಿದ ಕೋಣೆಯಲ್ಲಿ, ಕೂಲರ್ ನಿಂತ ಮರುಕ್ಷಣವೇ ಐವರೂ ಬೆವರಿನಲ್ಲಿ ಮಿಂದೆವು. ವಿಠ್ಠಲ ನಾಲ್ಕು ಎಣಿಸಿದ. ಗಿಟಾರ್ ಎದ್ದಿತು. ನಾಲ್ಕೆಣಿಕೆಗೊಂದು ಪೆಟ್ಟು ನನ್ನ ಪಾಲು. ನಾನು ಬಡಿದೆ. ಎರಡನೆಯ ಪೆಟ್ಟಿಗೆ ಎಲ್ಲರೂ ನಿಂತರು.

"ಅಂಕಲ್, ಥೋಡಾ ಲೇಟ್," ಎಂದರು ದೇಶಮುಖ್.

ಜೀವಮಾನದಲ್ಲಿ ನನಗೆ ಯಾರೂ ಹೇಳದ ಮಾತು ಅದು. ಎರಡನೆಯ ಸಲವೂ ಅದೇ ಆಯಿತು, ಮೂರನೆಯ ಸಲವೂ. ನಾಲ್ಕನ್ನು ಎಣಿಸುವುದು ಕಷ್ಟವಲ್ಲ, ನಾನು ಎಣಿಸುತ್ತಲೇ ಇದ್ದೆ. ಕೈ ಮಾತ್ರ ಐದಕ್ಕೆ, ಕೆಲವೊಮ್ಮೆ ಆರಕ್ಕೆ ಏಳುತ್ತಿತ್ತು. ಪ್ರತಿ ಸಲವನ್ನೂ ಜೇಬಿನ ಪುಸ್ತಕದಲ್ಲಿ ಗೀಟು ಹಾಕಿ ಬರೆದೆ. ಹನ್ನೊಂದು ಗೀಟು ತುಂಬಿದಾಗ ಹನ್ನೆರಡೂವರೆ ದಾಟಿತ್ತು. ಕೀಬೋರ್ಡಿನಲ್ಲಿ ಇಂಥ ಕಬ್ಬಿಣದ ಸದ್ದು ಸಿದ್ಧವಾಗಿ ಸಿಗುತ್ತದೆ, ಗುಂಡಿ ಒತ್ತಿದರೆ ಸಾಕು ಎಂದು ದೇಶಮುಖ್ ಮೆತ್ತಗೆ ಸೂಚಿಸಿದರು.

ನಾನು ಸುತ್ತಿಗೆ ಕೆಳಗಿಟ್ಟೆ. "ಸುಷ್ಮಾ, ಅದನ್ನ ಹಾಕಸವಾ. ನನ್ನಿಂದ ನಿನ್ನ ಕೆಲಸ ಕೆಡೂದು ಬ್ಯಾಡ."

"ಹಾಡು ಯಾರದ ಅಪ್ಪಾ? ಗುಂಡಿದೇನ್ರಿ?" ಎಂದಳು. ಆದರೆ ಅವಳ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ನನಗೆ ಅದು ಗೊತ್ತಾಯಿತು, ನನಗೆ ಗೊತ್ತಾದದ್ದು ಅವಳಿಗೂ ಗೊತ್ತಾಯಿತು.

ಆಗ ವಿಠ್ಠಲ ಡ್ರಮ್ಮಿನ ಹಿಂದಿನಿಂದ ಎದ್ದು ಬಂದ. ಕನ್ನಡ ಓದಲು ಬಾರದ, ಮಾತಾಡಲು ಅಷ್ಟಿಷ್ಟು ಬರುವ ಹುಡುಗ. "ಕಾಕಾ, ಒಂದ್ ಮಾತು. ಒಂದ್ ಸಲ ಬಡದ ಮ್ಯಾಲ ನೀವು ಹಂಗ ನಿಂತು ರುಕಾಯಿಸ್ತೀರಲ್ರಿ, ಯಾಕ?"

"ಅದು ಮುಗೀಬೇಕಲ್ಲಪಾ."

"ಏನ್ ಮುಗೀಬೇಕ್ರಿ?"

"ಸಪ್ಪಳ. ಅದು ಪೂರಾ ಹೇಳಿ ಮುಗಸೂದ್ರಾಗ ಇನ್ನೊಂದು ಬಡದ್ರ, ಗಾಲಿ ಛಲೋ ಐತೋ ಇಲ್ಲೋ ಹೆಂಗ ತಿಳೀಬೇಕು?"

ಹೇಳಿದ ಮೇಲೆಯೇ ನನಗೂ ಅರ್ಥವಾದದ್ದು. ಹೊಸಬರಿಗೆ ನಾನು ಮೊದಲ ದಿನ ಕಲಿಸುತ್ತಿದ್ದ ಪಾಠ ಅದು: ಬಡಿಯುವುದು ನಿಮ್ಮ ಕೆಲಸವಲ್ಲ, ಆಲಿಸುವುದು ನಿಮ್ಮ ಕೆಲಸ. ಭಾರ ಹೊತ್ತ ಗಾಲಿಯ ದನಿ ಬೇಗ ಅಡಗುತ್ತದೆ. ಹಗ್ಗಕ್ಕೆ ತೂಗುವ ಹಳಿಯದು ಬಹಳ ಹೊತ್ತು ಉಳಿಯುತ್ತದೆ. ನನ್ನ ಕೈ ಅದು ಅಡಗುವವರೆಗೂ ಕಾಯುತ್ತಿತ್ತು.

ವಿಠ್ಠಲ ಹಳಿಯನ್ನು ಬೆರಳಿನಿಂದ ಒಮ್ಮೆ ತಟ್ಟಿ ಕಿವಿಗೊಟ್ಟ. "ಕಾಕಾಂದು ಬರೋಬರ್ ಐತಿ," ಎಂದು ಸುಷ್ಮಾಳ ಕಡೆ ತಿರುಗಿದ. "ನಮ್ಮದ ಗಲತ್ ಐತಿ. ಎಣಸೂದು ಬಿಡೂನು. ಕಾಕಾ ಬಡೀತಾರ, ಅದು ಮುಗೀತದ, ಆಮ್ಯಾಲ ನಾವು."

ಅಮೋಲ್‌ಗೆ ಹಿಂದಿಯಲ್ಲಿ ವಿವರಿಸಿದಾಗ ಅವನು ತಲೆ ಕೆರೆದುಕೊಂಡ. ಇಷ್ಟು ನಿಧಾನವಾದರೆ ಇದು ರಾಕ್ ಅಲ್ಲ, ಭಜನೆಯಾಗುತ್ತದೆ ಎಂದ. ದೇಶಮುಖ್ ಕನ್ನಡಕದ ಮೇಲಿಂದ ನೋಡಿ, ತಾವು ಇಪ್ಪತ್ತು ವರ್ಷದಿಂದ ಭಜನೆ ಮುದ್ರಿಸುತ್ತಿರುವುದಾಗಿಯೂ ಭಜನೆಯವರು ಯಾರಿಗೂ ಇಷ್ಟು ಹೊತ್ತು ಕಾಯುವುದಿಲ್ಲವೆಂದೂ ತಿಳಿಸಿದರು.

ಹನ್ನೆರಡನೆಯದು ಅರ್ಧಕ್ಕೆ ನಿಂತಿತು, ಹದಿಮೂರನೆಯದರಲ್ಲಿ ಕೆಳಗಿನ ಅಂಗಡಿಯವರು ಕಬ್ಬಿಣದ ಬಾಗಿಲನ್ನು ಧಡಧಡನೆ ಎಳೆದರು. ಹದಿನಾಲ್ಕನೆಯದನ್ನು ಹೇಗೆ ಹೇಳಲಿ? ನಾನು ಬಡಿದೆ. ಮೂವರೂ ಉಸಿರು ಬಿಗಿಹಿಡಿದು ನನ್ನ ಮುಖ ನೋಡುತ್ತಾ ನಿಂತರು. ದನಿ ಸಣ್ಣದಾಗುತ್ತಾ ಹೋಗಿ ಇನ್ನೇನು ಇಲ್ಲ ಎನ್ನುವಾಗ ನಾನು ತಲೆಯಾಡಿಸಿದೆ. ಒಮ್ಮೆಲೇ ಡ್ರಮ್, ಗಿಟಾರ್, ಮಗಳ ಕಂಠ, ಎಲ್ಲ ಕಟ್ಟೆಯೊಡೆದ ಹಾಗೆ ನುಗ್ಗಿದವು. ಮತ್ತೆ ನಿಂತವು, ಮತ್ತೆ ನನ್ನ ಪೆಟ್ಟು. ಅಷ್ಟು ದೊಡ್ಡ ಸದ್ದು ಮಾಡಬಲ್ಲವರು ಅಷ್ಟು ಚೆನ್ನಾಗಿ ಸುಮ್ಮನಿರಬಲ್ಲರು ಎಂದು ನಾನು ಎಣಿಸಿರಲಿಲ್ಲ. ಯಾರ್ಡಿನಲ್ಲಿ ನಾನು ಒಬ್ಬನೇ ಆಲಿಸುತ್ತಿದ್ದೆ. ಅಂದು ಮೊದಲ ಬಾರಿಗೆ ನನ್ನ ಜೊತೆ ಇತರರೂ ಆಲಿಸಿದರು.

ಆ ಕ್ಯಾಸೆಟ್ಟು ಪ್ರತಿಯಿಂದ ಪ್ರತಿಯಾಗಿ ನಾಗಪುರದ ಕಾಲೇಜುಗಳನ್ನೆಲ್ಲ ಸುತ್ತಿತು. ಇಷ್ಟು ವರ್ಷಗಳ ಮೇಲೂ ಗ್ಯಾದರಿಂಗು ಎಂದು ಇಲ್ಲಿನವರು ಕರೆಯುವ ಕಾಲೇಜು ವಾರ್ಷಿಕೋತ್ಸವಗಳಲ್ಲಿ ಯಾರೋ ಹುಡುಗರು ಅದನ್ನು ನುಡಿಸುತ್ತಾರಂತೆ, ಪೆಟ್ಟು ಬಿದ್ದಾಗ ಸಭಾಂಗಣವೆಲ್ಲ ಸ್ತಬ್ಧವಾಗುತ್ತದಂತೆ. ಹಾಡು ಮುಗಿದೊಡನೆ ಎಲ್ಲರೂ ಒಟ್ಟಿಗೆ ಎರಡು ಕನ್ನಡ ಮಾತುಗಳನ್ನು ಕೂಗುತ್ತಾರಂತೆ. ಅರ್ಥ ಯಾರಿಗೂ ಗೊತ್ತಿಲ್ಲ. ಮಂತ್ರವೆಂದು ಕೆಲವರ ನಂಬಿಕೆ. ಅವು ಅಲ್ಲಿಗೆ ಬಂದ ಬಗೆಯನ್ನು ಹೇಳಿ ಮುಗಿಸುತ್ತೇನೆ.

ಕೊನೆಯ ಪೆಟ್ಟಿನ ನಂತರ ಹಾಡಿಲ್ಲ. ಹಳಿಯ ದನಿಯಷ್ಟೇ ಉಳಿಯಬೇಕು. ನಾನು ತಲೆಯಾಡಿಸುವವರೆಗೆ ದೇಶಮುಖ್ ಯಂತ್ರ ನಿಲ್ಲಿಸುವಂತಿಲ್ಲ. ಮಿಕ್ಕವರ ಕಿವಿಗೆ ಅದು ಎಂದೋ ಅಡಗಿತ್ತು, ನನಗೆ ಇನ್ನೂ ಎಳೆಯಷ್ಟು ಕೇಳುತ್ತಿತ್ತು. ಆಗ ಸುಷ್ಮಾ ತಡೆಯಲಾರದೆ, ಬಹಳ ಮೆಲ್ಲಗೆ ಕೇಳಿದಳು: "ಮುಗೀತೇನ್ರಿ, ಅಪ್ಪಾ?"

ಮುದ್ರಿಕೆಯನ್ನು ಮತ್ತೆ ಹಾಕಿ ಆಲಿಸಿದಾಗ ಆ ಮಾತು ಅಲ್ಲಿ ಸ್ಪಷ್ಟವಾಗಿತ್ತು. ಸುಷ್ಮಾ ನಾಲಿಗೆ ಕಚ್ಚಿಕೊಂಡಳು. ಅಳಿಸಲು ಎರಡು ನಿಮಿಷ ಸಾಕು ಎಂದ ಅಮೋಲ್. ಎಲ್ಲರೂ ನನ್ನತ್ತ ನೋಡಿದರು. ದೋಷ ಕಂಡದ್ದನ್ನು ನಾನು ಎಂದೂ ದಾಟಿಸಿದವನಲ್ಲ ಎಂಬುದು ಆ ಕೋಣೆಯಲ್ಲಿ ಗೊತ್ತಿರದವರಿರಲಿಲ್ಲ. ದೇಶಮುಖ್ ತಮ್ಮ ದಾಖಲೆ ಪುಸ್ತಕವನ್ನೂ ಪೆನ್ನನ್ನೂ ನನ್ನ ಮುಂದೆ ಸರಿಸಿದರು. ನಾನು ಬರೆದೆ: ವೇಳೆ ೧.೪೦. ಹದಿನಾಲ್ಕನೆಯದು. ಪೂರ್ತಿ ಆಲಿಸಿ ಪರೀಕ್ಷಿಸಿದೆ. ಕೊನೆಯಲ್ಲಿ ಒಂದು ದೋಷವಿದೆ, ಅದನ್ನು ಯಾರೂ ತೆಗೆಯತಕ್ಕದ್ದಲ್ಲ. ಕೆಳಗೆ ಸಹಿ ಹಾಕಿ, ಶಾಯಿ ಆರಲೆಂದು ಊದಿ, ಪುಸ್ತಕ ಮುಚ್ಚಿದೆ.