ಕಾರ್ಟ್ರಿಜ್‌ಗೆ ಹಚ್ಚಿದ ಕುಂಕುಮ

ಮಗಳು ತಾನಿರುವ ಸ್ಕೋಕಿ ಊರಿಂದ ಫೋನ್ ಮಾಡಿ, "ಅಪ್ಪಾ, ನನ್ನ ಹಳೇ ಗೇಮ್ ಬೇಸ್‌ಮೆಂಟಲ್ಲೇ ಇದೆಯಾ? ಸ್ಯಾಟರ್ಡೇ ಬರ್ತೀನಿ. ಲೆಟ್ಸ್ ಫಿನಿಶ್ ಇಟ್," ಅಂದಳು. ಇದೆ ಅಂದೆ. ಫೋನ್ ಇಟ್ಟ ಮೇಲೆ ಸೋಫಾದಿಂದ ಏಳಲು ಮನಸ್ಸಾಗಲಿಲ್ಲ. ಆ ಆಟದ ಮಾತು ಬಂದರೆ ಸಾಕು, ಇಪ್ಪತ್ತು ವರ್ಷದ ಹಿಂದಿನ ದಣಿವೆಲ್ಲ ಮತ್ತೆ ಮೈಮೇಲೆ ಬಂದು ಕೂರುತ್ತದೆ.

ಅವಳಿಗಾಗ ಹತ್ತು ವರ್ಷ. ನೋವೈ ಊರಿನ ನಮ್ಮ ಸಬ್‌ಡಿವಿಷನ್ನಿನಲ್ಲಿ ಯಾರೋ ಹಳೇ ಸಾಮಾನು ಮಾರಲು ಇಟ್ಟ ಗರಾಜ್ ಸೇಲೊಂದರಲ್ಲಿ ಸಿಕ್ಕಿದ ಆಟ ಅದು, ಆಗಲೇ ಹಳೆಯದು. ಬಿಸ್ಕತ್ ಪೊಟ್ಟಣದಷ್ಟು ಗಾತ್ರದ ಪ್ಲಾಸ್ಟಿಕ್ ಕಾರ್ಟ್ರಿಜ್ಜನ್ನು ಯಂತ್ರದ ಬಾಯಿಗೆ ಒತ್ತಿದರೆ ಟೀವಿಯಲ್ಲಿ ಕಾಡು, ಗುಹೆ, ಕೋಟೆಗಳು, ಕತ್ತಿ ಹಿಡಿದ ಒಬ್ಬ ಕುಳ್ಳ ವೀರ. ಅವಳು ಆಡುವುದು, ನಾನು ಆಫೀಸಿನ ಗ್ರಾಫ್ ಹಾಳೆಯ ಮೇಲೆ ಗುಹೆಗಳ ನಕ್ಷೆ ಬರೆಯುವುದು. ಕೊನೆಯ ಕೋಟೆಯ ಕೊನೆಯ ಬಾಗಿಲನ್ನು ಇಬ್ಬರೂ ಸೇರಿಯೇ ತೆರೆಯಬೇಕೆಂದು ಮಾತಾಗಿತ್ತು.

ಮಾತೇನೋ ಆಗಿತ್ತು. ನಾನು ದಿನವೂ ಆಬರ್ನ್ ಹಿಲ್ಸ್‌ನ ಕಾರು ಕಂಪನಿಗೆ ಹೋಗಿ ಬರಬೇಕು. ಬೇಸಿಗೆಯಲ್ಲಿ ರಸ್ತೆ ರಿಪೇರಿ, ಚಳಿಗಾಲದಲ್ಲಿ ಹಿಮ. ಕಾರಿನೊಳಗಿನ ವೈರುಗಳು ಒಂದಕ್ಕೊಂದು ಕೂಡುವ ಕಡೆ ಏನು ಕೆಟ್ಟಿದೆ ಎಂದು ಹುಡುಕುವುದು ನನ್ನ ಕೆಲಸ. ಮನೆಗೆ ಬಂದವನು ಶೂ ಸಹ ಬಿಚ್ಚದೆ ಸೋಫಾದ ಮೇಲೆ ಕೂತು, ಅವಳು ಕೈಗಿಟ್ಟ ಕಂಟ್ರೋಲರ್ ಹಿಡಿದುಕೊಂಡೇ ಗೊರಕೆ ಹೊಡೆಯುತ್ತಿದ್ದೆ. "ಶನಿವಾರ ಆಡೂಣಂತ ಪುಟ್ಟಾ," ಅನ್ನುತ್ತಿದ್ದೆ. ಎಷ್ಟೋ ಶನಿವಾರಗಳು ಬಂದು ಹೋದವು.

ಆ ವರ್ಷದ ಆಯುಧಪೂಜೆಯಾದ ಮೇಲೆ ಆಟ ನಿಂತೇ ಹೋಯಿತು. "ಅಪ್ಪಾ, ಇಟ್ಸ್ ನಾಟ್ ಟರ್ನಿಂಗ್ ಆನ್." ಶನಿವಾರ ನೋಡ್ತೀನಿ ಅಂದೆ. ಎರಡು ಸಲ ಕೇಳಿದಳು, ಮೂರನೆಯ ಸಲ ಕೇಳಲಿಲ್ಲ. ಅವಳು ಕೇಳದೇ ಹೋದದ್ದು ನನಗೆ ಇವತ್ತಿಗೂ ನೆನಪಿದೆ.

ಆದ್ದರಿಂದ ಈ ಸಲ ಶನಿವಾರಕ್ಕೆ ಕಾಯದೆ ಬುಧವಾರವೇ ಯಂತ್ರವನ್ನು ಮೇಲಕ್ಕೆ ತಂದೆ. ಸ್ವಿಚ್ ಒತ್ತಿದರೆ ದೀಪ ಹತ್ತಿತು, ಪರದೆ ಮಾತ್ರ ಬೂದಿ ಬಣ್ಣ. ಕಾರ್ಟ್ರಿಜ್ ಕಿತ್ತು ಬಾಯಿಂದ ಜೋರಾಗಿ ಊದಿದೆ.

"ಉಗುಳು ಹಾರಿಸಬ್ಯಾಡ್ರೀ, ಅದೇನ್ ಒಲಿ ಏನು?" ಎಂದಳು ಹೆಂಡತಿ. ಅವಳು ಹೇಳಿದ್ದು ಸರಿ. ಬಾಯಿಯ ತೇವ ಲೋಹವನ್ನು ತಿನ್ನುತ್ತದೆ ಎಂದು ಆಫೀಸಿನ ಹೊಸಬರಿಗೆಲ್ಲ ಪಾಠ ಹೇಳಿದವನು ನಾನೇ. ಹತ್ತಿಯ ಕಡ್ಡಿಯನ್ನು ಆಲ್ಕೊಹಾಲಿನಲ್ಲಿ ಅದ್ದಿ ಕಾರ್ಟ್ರಿಜ್ಜಿನ ಲೋಹದ ಅಂಚಿನ ಮೇಲೆ ಎಳೆದೆ. ಕೆಂಪಗೆ ಬಂತು.

"ತುಕ್ಕು," ಎಂದೆ, ಮೂವತ್ತು ವರ್ಷದ ಸರ್ವೀಸಿನ ಗತ್ತಿನಲ್ಲಿ.

ಅವಳು ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ತುಕ್ಕಲ್ರೀ, ಕುಂಕುಮ. ನೀವಽ ಹಚ್ಚಿದ್ದು."

ಯಂತ್ರವನ್ನು ಬೋರಲು ಮಾಡಿ ಅಲ್ಲಾಡಿಸಿದರೆ ಅರಿಶಿನದ ಅಕ್ಷತೆಯ ಎರಡು ಕಾಳು ಉದುರಿದವು. ಆಗ ಎಲ್ಲ ನೆನಪಾಯಿತು. ಎರಡು ಕಾರು, ಲ್ಯಾಪ್‌ಟಾಪ್, ಮಿಕ್ಸಿಗಳ ಪೂಜೆಯಾದ ಮೇಲೆ ತನ್ನ ಗೇಮಿಗೂ ಮಾಡಬೇಕೆಂದು ಮಗಳು ಹಟ ಹಿಡಿದಿದ್ದಳು. ನಾನು ಕುಂಕುಮವನ್ನು ನೀರಲ್ಲಿ ಕಲಸಿ ಸರಿಯಾಗಿ ಆ ಲೋಹದ ಅಂಚಿಗೇ ಬಳಿದಿದ್ದೆ. ಇದರ ಶಕ್ತಿಯೆಲ್ಲ ಇಲ್ಲೇ ಇರೋದು ಎಂದು ವಿವರಣೆ ಬೇರೆ ಕೊಟ್ಟಿದ್ದೆ. ಊರವರ ಕಾರುಗಳ ದೋಷ ಹುಡುಕುತ್ತ ತಲೆ ಹಣ್ಣಾಗಿಸಿಕೊಂಡವನು ಮಗಳ ಆಟವನ್ನು ಕೈಯಾರೆ ಕೆಡಿಸಿ, ರಿಪೇರಿಯನ್ನು ಶನಿವಾರಕ್ಕೆ ತಳ್ಳಿದ್ದೆ. ನಗು ಬಂತು, ನಗುವುದಕ್ಕೂ ಸುಸ್ತೆನಿಸಿತು.

ಇನ್ನೊಂದು ಭಯವಿತ್ತು. ಇಂಥ ಕಾರ್ಟ್ರಿಜ್ಜಿನೊಳಗೆ ಗುಂಡಿಯಂಥ ಒಂದು ಬ್ಯಾಟರಿ ಇರುತ್ತದೆ. ಆಡಿದಷ್ಟನ್ನು ನೆನಪಿಟ್ಟುಕೊಳ್ಳುವುದು ಅದೇ. ಅದು ಸತ್ತಿದ್ದರೆ ಮಗಳು ಆಡಿದ್ದೆಲ್ಲ ಅಳಿಸಿಹೋದಂತೆ. ಹತ್ತಾರು ಕಡ್ಡಿ ಕೆಂಪಾದ ಮೇಲೆ ಪರದೆಯಲ್ಲಿ ಬಣ್ಣ ಮೂಡಿತು. ಉಳಿಸಿಟ್ಟ ಆಟಗಳ ಪಟ್ಟಿ ಬಂತು.

ಮೊದಲ ಸಾಲಿನಲ್ಲಿ ಮಗಳ ಹೆಸರು, ಪಕ್ಕದಲ್ಲಿ ಒಂದು ನಕ್ಷತ್ರ. ಆಟ ಮುಗಿಸಿದವರಿಗೆ ಮಾತ್ರ ಸಿಗುವ ನಕ್ಷತ್ರ ಅದು. ಆ ಆಯುಧಪೂಜೆಗೂ ಮೊದಲೇ ಯಾವತ್ತೋ ಅವಳು ಬಾಗಿಲನ್ನು ಒಬ್ಬಳೇ ತೆರೆದಾಗಿತ್ತು. ನೋವಾಯಿತು, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಸಿಟ್ಟೂ ಬಂತು. ನಾನಿಲ್ಲದೆ ಮುಗಿಸಿದ್ದನ್ನು ಈಗ ಮತ್ತೆ ಮುಗಿಸೋಣ ಅನ್ನುವುದು ಯಾಕೆ? ಆಮೇಲೆ ಎರಡನೆಯ ಸಾಲು ಕಂಡಿತು. ಅಲ್ಲಿದ್ದದ್ದು ಇಂಗ್ಲಿಷಿನ ನಾಲ್ಕೇ ಅಕ್ಷರ: ಅಪ್ಪ.

ತೆರೆದೆ. ವೀರ ಕೊನೆಯ ಬಾಗಿಲ ಮುಂದೆ ನಿಂತಿದ್ದ. ಜೀವ ಪೂರ್ತಿ ಇತ್ತು. ಚೀಲದಲ್ಲಿದ್ದ ನಾಲ್ಕು ಸೀಸೆಗಳಲ್ಲೂ, ವೀರ ಸತ್ತರೂ ಮತ್ತೆ ಎಬ್ಬಿಸುವ ಮದ್ದು ತುಂಬಿತ್ತು. ಅಂದರೆ, ಆಟ ಮುಗಿದ ಮೇಲೆ ಅವಳು ಮೊದಲಿನಿಂದ ಇನ್ನೊಮ್ಮೆ ಪೂರ್ತಿ ಆಡಿ, ನನ್ನ ಹೆಸರಿನಲ್ಲಿ ಅಲ್ಲಿಯವರೆಗೆ ಬಂದು ನಿಲ್ಲಿಸಿದ್ದಳು.

ಕಾರ್ಟ್ರಿಜ್ ಬಿಚ್ಚಿ ಮೀಟರ್ ಹಿಡಿದು ನೋಡಿದರೆ ಬ್ಯಾಟರಿ ಇವತ್ತೋ ನಾಳೆಯೋ ಎಂಬಂತಿತ್ತು. ನೆನಪು ಅಳಿಸದಂತೆ ಬ್ಯಾಟರಿ ಬದಲಾಯಿಸುವುದು ನನಗೆ ಗೊತ್ತು, ಆದರೆ ಅಷ್ಟು ಸಣ್ಣ ಬೆಸುಗೆಗೆ ಈಗ ಕಣ್ಣು ಸಾಲದು. ತಡ ಮಾಡಬೇಡ ಎನ್ನಲು ಮಗಳಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಅಪ್ಪಾ, ಐ ಆಮ್ ಸೋ ಟೈರ್ಡ್. ಈ ವಾರ ಎಲ್ಲಾ ನೈಟ್ ಡ್ಯೂಟಿ. ನೆಕ್ಸ್ಟ್ ಸ್ಯಾಟರ್ಡೇ?" ಅಂದಳು. ಆಸ್ಪತ್ರೆಯಲ್ಲಿ ಡಾಕ್ಟರು ಅವಳು. ಆ ದನಿ ನನ್ನದೇ.

ಮರುದಿನ ಬೆಳಗ್ಗೆ ಯಂತ್ರವನ್ನು ಟವೆಲಿನಲ್ಲಿ ಸುತ್ತಿ ಕಾರಿನಲ್ಲಿಟ್ಟುಕೊಂಡು ಹೊರಟೆ. ಸುಮಾರು ಮುನ್ನೂರು ಮೈಲಿ. ಮಧ್ಯಾಹ್ನ ಬಾಗಿಲು ತೆರೆದವಳು ಇನ್ನೂ ಆಸ್ಪತ್ರೆಯ ಬಟ್ಟೆಯಲ್ಲೇ ಇದ್ದಳು. ಟೀವಿಗೆ ವೈರ್ ಜೋಡಿಸಿದೆ. ಎರಡನೆಯ ಸಾಲನ್ನು ನಾನೇ ಒತ್ತಿದೆ.

"ನೋಡಿದೀಯಾ ಹಾಗಾದ್ರೆ," ಅಂದಳು.

"ನಾಲ್ಕೂ ಸೀಸೆ ಯಾಕ ತುಂಬಿಸಿಟ್ಟಿದ್ದಿ?"

"ಯು ವರ್ ಆಲ್ವೇಸ್ ಸೋ ಟೈರ್ಡ್, ಅಪ್ಪಾ. ನೀನು ಆಡಿದ್ರೆ ಒಂದೇ ನಿಮಿಷಕ್ಕೆ ಸತ್ತೋಗ್ತಿದ್ದೆ."

ಕಂಟ್ರೋಲರನ್ನು ಅವಳ ಕೈಗಿಟ್ಟೆ. ಎರಡು ನಿಮಿಷ ಕಣ್ಣು ಮುಚ್ತೀನಿ, ಆಮೇಲೆ ಬಾಗಿಲು ತೆರೆಯೋಣ ಎಂದು ಅವಳು ಸೋಫಾಕ್ಕೆ ಒರಗಿದಳು. ಕೈಯಲ್ಲಿ ಕಂಟ್ರೋಲರ್ ಹಿಡಿದಂತೆಯೇ ನಿದ್ದೆ ಹೋದಳು. ಕಾಲಲ್ಲಿ ಶೂ ಹಾಗೇ ಇತ್ತು.

ಶೂ ಬಿಚ್ಚಿದೆ. ಯಂತ್ರ ಚಾಲೂ ಇರುವವರೆಗೆ ಬ್ಯಾಟರಿಯ ಹಂಗಿಲ್ಲ, ಆದ್ದರಿಂದ ಆರಿಸಲಿಲ್ಲ. ಐದು ಗಂಟೆ ಕಾರು ಓಡಿಸಿದ ಬೆನ್ನು ನೋಯುತ್ತಿತ್ತು, ರೆಪ್ಪೆಗಳು ಮುಚ್ಚಿ ಬರುತ್ತಿದ್ದವು. ಬಾಗಿಲ ಮುಂದೆ ವೀರ ನಿಂತೇ ಇದ್ದ. ಅವಳು ಏಳುವವರೆಗೆ ನಾನು ನಿದ್ದೆ ಮಾಡಲಿಲ್ಲ.